ಹಗ್ಗ ಹಿಡಿದವಳು

ತಮಿಳುನಾಡಿನ ಪೆನ್ನಾಗರಂನ ನಮ್ಮ ಬೀದಿಯಲ್ಲಿ ಯಾರ ಬಾವಿಯ ಹೂಳು ತೆಗೆಯಲು ಆಳು ಇಳಿದರೂ ಹಗ್ಗದ ಮುಂದೆ ನಿಲ್ಲುತ್ತಿದ್ದವಳು ಪಕ್ಕದ ಮನೆಯ ಅಕ್ಕ. ಎಳೆಯುವವರೆಲ್ಲ ಅವಳ ಹಿಂದೆ. ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು, "ಮಾತಾಡ್ತಾ ಇರ್ಲಾ!" ಎಂದು ಕೆಳಗಿನವನನ್ನು ಕೂಗುತ್ತಲೇ ಇರುತ್ತಿದ್ದಳು. ಪಾಳುಬಾವಿಯಲ್ಲಿ ಗಾಳಿ ಕೆಟ್ಟಿರುತ್ತದೆ. ಮಾತು ನಿಂತರೆ ತಕ್ಷಣ ಎಳೆಯಬೇಕು.

ತೊಂಬತ್ತರ ದಶಕದ ಒಂದು ಭಾನುವಾರ ನಮ್ಮ ಟೀವಿಯಲ್ಲಿ ಗಗನಯಾತ್ರಿಗಳನ್ನು ತೋರಿಸಿದರು. ದಪ್ಪ ಉಡುಪಿನ ಇಬ್ಬರನ್ನು ನೆಲದ ಮೇಲೆಯೇ ಒಂದು ಉಕ್ಕಿನ ಕೋಣೆಯೊಳಗೆ ಕೂರಿಸಿ, ಅಲ್ಲಿನ ಗಾಳಿಯನ್ನೆಲ್ಲ ಹೊರಗೆಳೆದು, ಆ ಉಡುಪು ಉಸಿರು ಕಾಯುತ್ತದೆಯೇ ಎಂದು ಪರೀಕ್ಷಿಸುತ್ತಿದ್ದರು.

"ಗಾಳೀನೇ ಇಲ್ವಾ?" ಅಕ್ಕ ಬಾಯಿಯ ಮೇಲೆ ಕೈಯಿಟ್ಟು ಎದ್ದು ನಿಂತಳು. "ಅಗ್ಗ ಯಾರ ಕೈಲೈತೆ?"

ಹಗ್ಗವಿರಲಿಲ್ಲ. ಗಾಜಿನ ಕಿಂಡಿಯ ಹೊರಗೊಬ್ಬ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಳಗಿನವರೊಂದಿಗೆ ಎಡೆಬಿಡದೆ ಮಾತಾಡುತ್ತಿದ್ದ.

"ಅಗೋ, ಇವ್ನೂ ಮಾತಾಡಿಸ್ತಾನೇ ಅವ್ನೆ!" ಅವಳ ಮುಖ ಬೆಳಗಿತು. ಸೆರಗಿನ ತುದಿ ಆಗಲೇ ಮುಂಗೈಗೆ ಸುತ್ತಿಕೊಂಡಿತ್ತು.

"ಇದು ಯಾವತ್ತೋ ನಡ್ದಿದ್ದು ಕಣಕ್ಕಾ. ಅವ್ರೆಲ್ಲ ಮನೆ ಸೇರ್ಕೊಂಡವ್ರೆ" ಎಂದೆ.

"ಸುಮ್ಕಿರು ತಂಬಿ," ಎಂದಳು ಟೀವಿಯಿಂದ ಕಣ್ಣು ತೆಗೆಯದೆ. "ಇನ್ನೂ ಮ್ಯಾಲಕ್ ಬಂದಿಲ್ಲ."