ಹರಿಯಬ್ಬೆಯ ಕಾಳಕ್ಕನ ಕತೆ ಟ್ರಂಕು

ಹರಿಯಬ್ಬೆಯಲ್ಲಿ ಇನ್ನೂ ಮಬ್ಬು ಬೆಳಕು. ಊರ ವಾಚನಾಲಯದ ಬೀಗ ತೆಗೆದು ಕಾಳಕ್ಕ ಕಸ ಗುಡಿಸುತ್ತಿದ್ದಾರೆ. ಚಿತ್ರದುರ್ಗದಿಂದ ಅವರನ್ನು ನೋಡಲು ಬಂದ ನಾನು ಬಾಗಿಲ ಬಳಿ ನಿಂತಿದ್ದೇನೆ. ಸಂಬಳ ಗುಡಿಸುವುದಕ್ಕೆ ಮಾತ್ರ. ಎಪ್ಪತ್ತೈದನೇ ಇಸವಿಯಲ್ಲಿ ಹಿರಿಯೂರಿನ ಕೊಬ್ಬರಿ ವ್ಯಾಪಾರಿಯೊಬ್ಬರು ಕೊಟ್ಟ ಮಕ್ಕಳ ಕತೆ ಪುಸ್ತಕಗಳ ಟ್ರಂಕನ್ನು ನೋಡಿಕೊಳ್ಳುವುದು ಅವರು ತಾವಾಗಿಯೇ ಮೈಮೇಲೆ ಎಳೆದುಕೊಂಡ ಕೆಲಸ. ವಾಚನಾಲಯ ತೆರೆಯುವುದು ಸಂಜೆಗೆ. ಕುರಿ ಕಾಯುವ ಮಕ್ಕಳು ಆಗಿನ್ನೂ ಬಯಲಲ್ಲಿರುತ್ತಾರೆ. ಅದಕ್ಕೇ ಅವರಿಗಾಗಿ ಬೆಳಗ್ಗೆಯೇ ಬಾಗಿಲು ತೆರೆಯುತ್ತದೆ.

“ಗಟ್ಟಿಯಾಗಿ ಓದ್ರಲೇ, ನನಗೂ ಕೇಳ್ಲಿ” ಎನ್ನುತ್ತಾರೆ ಕಾಳಕ್ಕ ಟ್ರಂಕಿನ ಸುತ್ತ ಕೂತ ಮಕ್ಕಳಿಗೆ, ಪೊರಕೆ ನಿಲ್ಲಿಸದೆ. ಅವರಿಗೆ ಓದಲು ಬರುವುದಿಲ್ಲ. ಗಂಡ ತೀರಿದ ಮೇಲೆ ಹಿರಿಯೂರಿನ ಹೋಟೆಲೊಂದರಲ್ಲಿ ಲೋಟ ತೊಳೆದು ಊರಿಗೆ ಮರಳಿದವರು. ಪರೀಕ್ಷೆಗೆ ಬಾರದ ಕತೆ ಓದಿ ಏನು ಉದ್ಧಾರವಾಗಬೇಕು ಎಂದು ಮೂಗು ಮುರಿಯುವ ದೊಡ್ಡವರಿಗೆ ನಮ್ಮಲ್ಲಿ ಬರವೇ? ಅವರಿಗೆ ಕಾಳಕ್ಕನದು ಒಂದೇ ಉತ್ತರ: “ನಗ್ಲಿ ಬಿಡ್ರಿ. ನಗ್ತಾ ನಗ್ತಾನೇ ಅಕ್ಷರ ಹತ್ತುತ್ತೆ.”

ಆದರೆ ಈಗ ಅದಕ್ಕೇ ಕಲ್ಲು ಬಿದ್ದಿದೆ. ಹೋದ ವಾರ ಹಟ್ಟಿಯ ಹುಡುಗಿ ಜಯಕ್ಕ ಬಯಲಿಗೆ ಒಯ್ದಿದ್ದ ಪುಸ್ತಕವನ್ನು ಕಂಬಳಿಯ ಮೇಲೆ ಬಿಟ್ಟು ಕುರಿಗಳಿಗೆ ನೀರು ಕುಡಿಸಲು ಹೋದಾಗ, ಕುರಿಮರಿಯೊಂದು ಕೊನೆಯ ಹಾಳೆಗಳನ್ನು ತಿಂದು ಮುಗಿಸಿದೆ. ವಾಚನಾಲಯದ ಅಧ್ಯಕ್ಷ ರಂಗಯ್ಯ ಕೆಂಡವಾಗಿದ್ದಾರೆ. ಪುಸ್ತಕ ಇನ್ನು ಹೊಸ್ತಿಲು ದಾಟಬೇಕೋ ಬೇಡವೋ, ಇವತ್ತು ತೀರ್ಮಾನ.

“ಹೊರಗೆ ಕೊಡದಿದ್ರೆ ಈ ಮಕ್ಳು ಓದೋದು ಯಾವಾಗ್ರಿ? ನನಗೆ ರಾತ್ರಿಯೆಲ್ಲ ನಿದ್ದೆ ಬಂದಿಲ್ಲ” ಎನ್ನುತ್ತಾರೆ ಕಾಳಕ್ಕ. ಅಷ್ಟರಲ್ಲಿ ರಂಗಯ್ಯನವರು ಬಂದೇ ಬಿಡುತ್ತಾರೆ.

“ಎಲ್ಲೀವರೆಗೆ ಉಳಿದೈತೆ, ಓದು ನೋಡಾಣ” ಎಂದು ಜಯಕ್ಕನಿಗೆ ಗದರುತ್ತಾರೆ. ಹುಡುಗಿ ಪುಸ್ತಕ ಬಿಡಿಸಿ ಓದುತ್ತಾಳೆ. ಮೊಸಳೆಯೊಂದು ಊರಿನ ಡೋಲು ನುಂಗಿದೆ. ಉಸಿರಾಡಿದಾಗಲೆಲ್ಲ ಅದರ ಹೊಟ್ಟೆಯಲ್ಲಿ ಢಂ ಢಂ. ಡೋಲಿನ ಯಜಮಾನ ಮೊಸಳೆಯ ಬಾಯಿಗೆ ಕೈ ಹಾಕುತ್ತಾನೆ. ಅಲ್ಲಿಗೆ ಹಾಳೆ ಮುಗಿಯುತ್ತದೆ.

“ಆಮೇಲೆ?” ಕೇಳಿದವರು ರಂಗಯ್ಯನವರೇ.

“ಗೊತ್ತಿಲ್ಲ ತಾತ. ದಿನಾ ಒಬ್ಬೊಬ್ರು ಒಂದೊಂದು ಕೊನೆ ಹೇಳ್ತೀವಿ. ಮೊಸಳೆ ಸೀನ್ತು, ಡೋಲು ಹೊರಗೆ ಬಂತು ಅಂತ ನಾನು ಹೇಳ್ದೆ.”

“ಮೊಸಳೆ ಎಲ್ಲಾದ್ರೂ ಸೀನ್ತೈತೇನೇ? ಅವನು ಕಚಗುಳಿ ಇಟ್ಟಿರ್ತಾನೆ” ಎಂದು ರಂಗಯ್ಯ ಹೇಳಿದ್ದೇ ತಡ, ಮಕ್ಕಳೆಲ್ಲ ಒಟ್ಟಿಗೆ ಬಾಯಿ ಹಾಕುತ್ತಾರೆ. ಅಧ್ಯಕ್ಷರು ಬೆಂಚಿನ ಮೇಲೆ ಕುಂತು ವಾದಕ್ಕೇ ಇಳಿಯುತ್ತಾರೆ. ಕಾಳಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಾರೆ. ನನಗೂ ತಡೆಯಲಾಗುವುದಿಲ್ಲ.

ಹೊತ್ತೇರಿದಾಗ ತೀರ್ಪು ಬರುತ್ತದೆ: “ತಗಂಡು ಹೋಗ್ರಿ. ಬುತ್ತಿ ಚೀಲದಾಗೆ ಇಟ್ಟು ಮರಕ್ಕೆ ನೇತು ಹಾಕ್ರಿ, ಕುರಿಗೆ ಎಟುಕಬಾರ್ದು.”

ಮಕ್ಕಳು ಕುರಿಗಳ ಕಡೆಗೆ ಓಡುತ್ತಾರೆ. ಚಿತ್ರದುರ್ಗದ ಅಂಗಡಿಯಲ್ಲಿ ಅದೇ ಪುಸ್ತಕದ ಇನ್ನೊಂದು ಪ್ರತಿ ಹುಡುಕಿ ಕಳಿಸುತ್ತೇನೆ ಎಂದು ಕಾಳಕ್ಕನಿಗೆ ಹೇಳುತ್ತೇನೆ. ಅವರು ಬಾಗಿಲಿಗೆ ಬೀಗ ಹಾಕುತ್ತಾ ತಲೆಯಾಡಿಸುತ್ತಾರೆ.

“ಅದು ಮಾತ್ರ ಬ್ಯಾಡ್ರಿ ಸ್ವಾಮಿ. ಕೊನೆ ಗೊತ್ತಾತು ಅಂದ್ರೆ ಇವ್ರು ಹೇಳೋದು ನಿಲ್ಲಿಸ್ತಾರೆ. ಬೇರೆ ಕತೆ ಕಳಿಸ್ರಿ.”