ನಮ್ಮ ಫಾದರ್ ಸೌಮ್ಯರಾಗಿರಲಿಲ್ಲ

ಚಿಕ್ಕಬಾಣಾವರದಲ್ಲಿ ರೈಲ್ವೆ ಸ್ಟೇಷನ್ನಿಗೆ ತಿರುಗುವ ಕಡೆ ಒಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳನ್ನು ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್‌ನಲ್ಲಿ ಅದ್ದಿ, ಬಿಸಿಯಲ್ಲಿ ಒಣಗಿಸುತ್ತಾರೆ. ಕಳೆದ ತಿಂಗಳು ಬೆಳಿಗ್ಗೆ ಹಾಲು, ಪೇಪರ್ ತೆಗೆದುಕೊಂಡು ಆ ಅಂಗಡಿಯ ಮುಂದೆ ಬರುತ್ತಿದ್ದೆ. ಬಿಸಿ ವಾರ್ನಿಷ್‌ನ ವಾಸನೆ ಮೂಗಿಗೆ ಬಡಿಯಿತು. ಒಂದು ಕಾಲದಲ್ಲಿ ನನ್ನ ಕೈ, ಸೆರಗು, ಊಟದ ಡಬ್ಬಿ ಎಲ್ಲವೂ ಇದೇ ವಾಸನೆ ಹೊಡೆಯುತ್ತಿದ್ದವು... ಅಲ್ಲೇ ನಿಂತು, ಯಾಕೋ ಏನೋ, ಪೇಪರ್ ಬಿಡಿಸಿದೆ. ಒಳಪುಟದಲ್ಲಿ ಕೆಂಪು ಟೋಪಿ ತೊಟ್ಟ ಮುದುಕರೊಬ್ಬರ ಫೋಟೋ ಇತ್ತು. ಈಶಾನ್ಯದ ಬೆಟ್ಟದ ಸೀಮೆಯಲ್ಲಿ ಕ್ಯಾಥೊಲಿಕ್ ಚರ್ಚಿನ ಕಾರ್ಡಿನಲ್ ಒಬ್ಬರು ತೀರಿಕೊಂಡಿದ್ದರು. ಮೂಲತಃ ಬೆಂಗಳೂರಿನ ಕಡೆಯವರು, ಸೌಮ್ಯ ಸ್ವಭಾವದವರು, ಎಲ್ಲರೊಡನೆ ಹೊಂದಿಕೊಂಡು ಬಾಳಿದವರು ಎಂದು ಬರೆದಿದ್ದರು.

ತೀರಿಕೊಂಡದ್ದು ನಿಜ. ಉಳಿದದ್ದು ಸುಳ್ಳು. ಅವರು ಯಾರೊಡನೆಯೂ ಹೊಂದಿಕೊಂಡವರಲ್ಲ. ನನಗೆ ಗೊತ್ತು.

ನಾನು ಕ್ರೈಸ್ತಳಲ್ಲ. ನಮ್ಮ ಮನೆಯಲ್ಲಿ ಇಂದಿಗೂ ಮುನೇಶ್ವರನಿಗೆ ಮಂಗಳವಾರ ದೀಪ ಹಚ್ಚುತ್ತೇವೆ. ಮದುವೆಗೆ ಮುಂಚೆ ನಾನು ಪೀಣ್ಯದ ಒಂದು ಶೆಡ್ಡಿನಲ್ಲಿ ಫ್ಯಾನ್ ಮೋಟಾರಿಗೆ ತಂತಿ ಸುತ್ತುವ ಕೆಲಸಕ್ಕಿದ್ದೆ. ಅಲ್ಲಿದ್ದವರೆಲ್ಲ ಹೆಂಗಸರೇ. ನನ್ನ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದವಳು ಸೆಲಿನಾ. ಟಿ. ದಾಸರಹಳ್ಳಿಯ ಹುಡುಗಿ, ನನಗಿಂತ ಚಿಕ್ಕವಳು. ಅವಳು ತುಂಬು ಬಸುರಿಯಾಗಿದ್ದಾಗ ಸೂಪರ್‌ವೈಸರ್ ಒಂದು ದಿನ ಬಂದು, "ಮನೆಗೆ ಹೋಗಮ್ಮ, ಇನ್ಮೇಲೆ ಬರೋದ್ ಬೇಡ" ಎಂದ. ಹೆರಿಗೆ ರಜೆ ಕೊಡಬೇಕಾಗುತ್ತದಲ್ಲ, ಅದಕ್ಕೆ. ನಾನು ತಂತಿ ಕೆಳಗಿಟ್ಟೆ. ನನ್ನ ಹಿಂದೆ ಕೂತಿದ್ದ ರತ್ನಮ್ಮನೂ ಇಟ್ಟಳು. ಮಧ್ಯಾಹ್ನದ ಹೊತ್ತಿಗೆ ಇಡೀ ಶೆಡ್ಡು ಸುಮ್ಮನಾಗಿತ್ತು.

ಮಾರನೆಯ ದಿನ ನಾವು ಬಂದಾಗ ಗೇಟಿಗೆ ಬೀಗ ಬಿದ್ದಿತ್ತು. ಮಳೆ ಬೇರೆ ಹನಿಯುತ್ತಿತ್ತು. ಎಲ್ಲಿ ನಿಲ್ಲುವುದೆಂದು ನೋಡುತ್ತಿರುವಾಗ ಸೆಲಿನಾ, "ಬನ್ನಿ ಅಕ್ಕ, ನಮ್ ಚರ್ಚ್ ಹತ್ರ ಒಂದು ಹಾಲ್ ಇದೆ" ಎಂದು ಕರೆದುಕೊಂಡು ಹೋದಳು.

ಚರ್ಚೆಂದರೆ ಆಗ ಸಿಮೆಂಟ್ ಶೀಟಿನ ಉದ್ದನೆಯ ಮನೆ, ಪಕ್ಕದಲ್ಲೊಂದು ಸಭೆಯ ಹಾಲ್. ಅಂಗಳದಲ್ಲಿ ಹವಾಯಿ ಚಪ್ಪಲಿ ಹಾಕಿದ ತೆಳ್ಳನೆಯ ಮನುಷ್ಯ ಸೈಕಲ್ ಚೈನು ಕೂರಿಸುತ್ತಿದ್ದರು. ಮೊಣಕೈವರೆಗೂ ಗ್ರೀಸು. ಅವರೇ ಫಾದರ್ ಎಂದು ನನಗೆ ಹೊಳೆಯಲೇ ಇಲ್ಲ. ಸೆಲಿನಾ ಅಳುತ್ತಾ ಎಲ್ಲ ಹೇಳಿದಳು. ಅವರು ತಲೆ ಎತ್ತಿ ನಮ್ಮ ಗುಂಪನ್ನು ನೋಡಿದರು.

"ಇಷ್ಟ್ ಜನಕ್ಕೆ ಅಡ್ಗೆ ಮಾಡೋಕ್ ಯಾರಿಗಾರ ಬತ್ತದಾ?" ಎಂದರು.

ರತ್ನಮ್ಮ ಬರುತ್ತದೆ ಎಂದಳು. ಫಾದರ್ ಸೊಂಟದಿಂದ ಹಾಲಿನ ಬೀಗದ ಕೈ ತೆಗೆದು ಅವಳಿಗೆ ಎಸೆದು, ಮತ್ತೆ ಚೈನಿನ ಮುಂದೆ ಕುಕ್ಕರಿಸಿದರು.

ಅವರು ದೇವನಹಳ್ಳಿ ಆಚೆಯ ಹಳ್ಳಿಯವರು. ಮನೆಯಲ್ಲಿ ರೇಷ್ಮೆ ಸಾಕುತ್ತಿದ್ದರಂತೆ. ಎಷ್ಟೋ ವರ್ಷ ಪಾದ್ರಿಗಳನ್ನು ತಯಾರು ಮಾಡುವ ಗುರುಮಠದಲ್ಲಿ ಓದಿ ಲ್ಯಾಟಿನ್ ಕಲಿತು ಬಂದರೂ ನಾಲಿಗೆಗೆ ಹಕಾರ ಬಂದಿರಲಿಲ್ಲ. ಭಾನುವಾರದ ಉಪದೇಶದಲ್ಲಿ ಹಸಿದವರ ವಿಷಯ ಬಂದರೆ "ಅಸಿದವರು" ಎನ್ನುತ್ತಿದ್ದರು. ಹುಡುಗರು ನಕ್ಕರೆ, "ನೀವು ಎಂಗಾದ್ರೂ ಏಳಿ, ಅವರಿಗೆ ಒಟ್ಟೆ ತುಂಬ್ಬೇಕು, ಅಷ್ಟೇಯ" ಎಂದು ಗದರುತ್ತಿದ್ದರು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ನಮಗೆ ತಿಳಿಯದಿದ್ದ ಒಂದು ಸಂಗತಿಯಿತ್ತು. ನಮ್ಮ ಶೆಡ್ಡಿನ ಮಾಲೀಕರೂ ಅದೇ ಚರ್ಚಿನವರು. ಹೊಸ ಚರ್ಚು ಕಟ್ಟುವ ಸಮಿತಿಗೆ ಅವರೇ ಮುಖ್ಯಸ್ಥರು. ತಾರಸಿಗೆ ಬೇಕಾದ ಕಬ್ಬಿಣವೆಲ್ಲ ಅವರದೇ ಕೊಡುಗೆಯೆಂದು ಮಾತಾಗಿತ್ತು. ಭಾನುವಾರ ಪೂಜೆ ಮುಗಿದ ಮೇಲೆ ಸಮಿತಿಯ ಗಂಡಸರು ಹಾಲಿನ ಬಾಗಿಲಲ್ಲಿ ಫಾದರನ್ನು ತಡೆದರು. ನಾವು ಒಳಗೆ ಕಡಲೆಕಾಯಿ ಬಿಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದೆವು.

"ಫಾದರ್, ಇದು ದೇವರ ಮನೆ. ಯೂನಿಯನ್ ಆಫೀಸಲ್ಲ" ಎಂದರು ಮಾಲೀಕರು.

"ದೇವ್ರು ಮನೇಲ್ ಒಬ್ನೇ ಕೂತ್ಕೊಂಡು ಏನ್ ಮಾಡ್ತಾನೆ? ನಾಕ್ ಜನ ಇರ್ಲಿ ಬಿಡಿ."

"ತಾರಸಿ ಕೆಲ್ಸ ನಿಂತೋಗುತ್ತೆ. ಯೋಚ್ನೆ ಮಾಡಿ."

"ನಿಲ್ಲಲಿ. ನಮ್ಮಪ್ಪ ಮಳೇಲ್ ನಿಂತ್ಕಂಡೇ ಸೊಪ್ಪು ಕೊಯ್ತಿದ್ದ. ನಾನ್ ಮಳೇಲ್ ನಿಂತ್ಕಂಡೇ ಪೂಜೆ ಮಾಡ್ತೀನಿ."

ಇಷ್ಟು ಹೇಳಿ ಬಾಗಿಲನ್ನು ಎಷ್ಟು ಜೋರಾಗಿ ಎಳೆದುಕೊಂಡರೆಂದರೆ ಗೋಡೆಯ ಮೇಲಿದ್ದ ಸಂತರ ಪಟ ಬಿದ್ದು ಗಾಜು ಚೂರಾಯಿತು. ತಾವೇ ಪೊರಕೆ ತಂದು ಗುಡಿಸಿದರು. ಸೌಮ್ಯ ಸ್ವಭಾವವಂತೆ...

ಮರುದಿನ ಮಧ್ಯಾಹ್ನ ಒಂದು ಟೆಂಪೋದಲ್ಲಿ ಗಂಡಸರು ಬಂದಿಳಿದರು. ನಮ್ಮನ್ನು ಎಳೆದು ಹಾಕಲು ಬಂದವರು. ಫಾದರ್ ಒಂದು ಮರದ ಕುರ್ಚಿ ತಂದು ಹಾಲಿನ ಬಾಗಿಲಿಗೆ ಅಡ್ಡ ಹಾಕಿ ಕೂತರು. ಕೈಯಲ್ಲಿ ಪ್ರಾರ್ಥನೆಯ ಪುಸ್ತಕ.

"ಒಳೀಕ್ ಓಗ್ಬೇಕಂದ್ರೆ ಈ ಕುರ್ಚಿ ಎತ್ ಪಕ್ಕಕ್ ಇಡ್ಬೇಕು. ಮೊದ್ಲು ಯಾರ್ ಕೈ ಆಕ್ತೀರ, ಆಕಿ" ಎಂದರು.

ಬಂದವರಲ್ಲಿ ಅರ್ಧ ಜನ ಅದೇ ಬೀದಿಯವರು. ಅವರ ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟದ್ದು ಇದೇ ಕೈ. ಒಬ್ಬನು ನೆಲ ನೋಡಿದ, ಇನ್ನೊಬ್ಬ ಬೀಡಿ ಹಚ್ಚಿದ. ಸ್ವಲ್ಪ ಹೊತ್ತಿಗೆ ಟೆಂಪೋ ಹಿಂದಿರುಗಿತು. ನಾನು ಅವರ ಬೆನ್ನ ಹಿಂದೆಯೇ ನಿಂತಿದ್ದೆ. ಬಿಳಿ ನಿಲುವಂಗಿ ಬೆವರಿನಿಂದ ಬೆನ್ನಿಗೆ ಅಂಟಿಕೊಂಡಿತ್ತು. ಅವರಿಗೂ ಭಯವಾಗಿತ್ತು. ಆದರೂ ಎದ್ದಿರಲಿಲ್ಲ. ನನ್ನ ಜೀವನದಲ್ಲಿ ಧೈರ್ಯ ಅಂದರೆ ಏನೆಂದು ನಾನು ಕಣ್ಣಾರೆ ಕಂಡದ್ದು ಆಗ.

ನಾವು ಗೆದ್ದೆವು, ಪೂರ್ತಿ ಅಲ್ಲ. ಲೇಬರ್ ಆಫೀಸಿನವರು ನಡುವೆ ಬಂದು, ಸೆಲಿನಾಗೆ ಹೆರಿಗೆ ರಜೆ, ಆಮೇಲೆ ಕೆಲಸ ಎರಡೂ ಸಿಕ್ಕಿದವು. ಉಳಿದವರೂ ಒಳಗೆ ಹೋದರು. ನನ್ನನ್ನೂ ರತ್ನಮ್ಮನನ್ನೂ ಮಾತ್ರ ಸೇರಿಸಿಕೊಳ್ಳಲಿಲ್ಲ. ನಮಗೆ ಬಾಯಿ ಜಾಸ್ತಿಯಂತೆ. ನಾನು ಹಾಲಿನ ಮೆಟ್ಟಿಲ ಮೇಲೆ ಮುಖ ಊದಿಸಿ ಕೂತಿದ್ದೆ. ಫಾದರ್ ಬಂದು ಪಕ್ಕದಲ್ಲಿ ಕೂತರು.

"ಬಾಯಿ ಐತೆ ಅಂತ ತೆಗೆದ್ರಾ? ಅಂಗಾರೆ ಬಾಯಿನೇ ಕೆಲ್ಸಕ್ ಅಚ್ಚಮ್ಮ" ಎಂದರು.

ಹಚ್ಚಿದೆ. ಅಂದಿನಿಂದ ಇಂದಿನವರೆಗೆ ಕಾರ್ಮಿಕ ಸಂಘದ ಕೆಲಸವೇ ನನ್ನ ಕೆಲಸ.

ಅವರ ಕಥೆಯೂ ಅಲ್ಲೇ ತಿರುಗಿತು. ಚರ್ಚು ಸಮಿತಿಯವರ ದೂರು ಹೋದ ಮೇಲೆ, ಅವರು ಸೇರಿದ್ದ ಸನ್ಯಾಸಿ ಸಭೆಯ ಹಿರಿಯರು ಕರೆಸಿಕೊಂಡರು. ವಾಪಸ್ಸು ಬಂದು, "ನಿಮ್ ಕೇಸ್ ಮುಗೀತು, ನನ್ದೂ ಮುಗೀತು" ಎಂದು ನಕ್ಕರು. ದೇಶದ ಇನ್ನೊಂದು ಮೂಲೆಗೆ, ಬಸ್ಸು ಹೋಗದ ಬೆಟ್ಟದ ಊರುಗಳಿಗೆ ವರ್ಗವಾಗಿತ್ತು. ಅದು ಶಿಕ್ಷೆಯೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಯಶವಂತಪುರ ಸ್ಟೇಷನ್ನಿನಲ್ಲಿ ಕಲ್ಕತ್ತೆಯ ರೈಲು ಹತ್ತಿಸಲು ನಾವೆಲ್ಲ ಹೋಗಿದ್ದೆವು. ಸಮಿತಿಯ ಕಡೆಯಿಂದ ಒಬ್ಬರೂ ಬಂದಿರಲಿಲ್ಲ. ಸೆಲಿನಾಳ ಕೂಸು ಅವರ ತೋಳಿನಲ್ಲಿ ಉಚ್ಚೆ ಹೊಯ್ದಿತು. ಒದ್ದೆ ಅಂಗಿಯಲ್ಲೇ ರೈಲು ಹತ್ತಿದರು.

ಆಮೇಲಿನದ್ದು ನಾನು ದೂರದಿಂದ ಕೇಳಿದ್ದು. ಅಲ್ಲಿಯ ಜನರ ಭಾಷೆ ಕಲಿತರಂತೆ. ಕಾಡು ಕಡಿಯುವ ಕಂಟ್ರಾಕ್ಟರುಗಳ ಮೇಲೆ ಬಿದ್ದರಂತೆ. ಆ ಸೀಮೆಗೆ ಹೋಗಲು ಬೇರೆ ಯಾರೂ ಒಪ್ಪದಿದ್ದಾಗ ಅವರನ್ನೇ ಬಿಷಪ್ ಮಾಡಿದರು. ಬಿಷಪ್ಪರಾದ ಮೇಲೂ ಹಳ್ಳಿಯಿಂದ ಹಳ್ಳಿಗೆ ನಡೆದೇ ಹೋಗುತ್ತಿದ್ದರಂತೆ. ಹಾಗೆ ವರ್ಷಗಳು ಕಳೆದು, ಕೂದಲೆಲ್ಲ ಬೆಳ್ಳಗಾದ ಮೇಲೆ, ಒಂದು ದಿನ ರೋಮಿನಿಂದ ಅವರ ಹೆಸರು ಬಂತು. ಪೋಪರನ್ನು ಆರಿಸುವ ಕಾರ್ಡಿನಲ್‌ಗಳಲ್ಲಿ ಒಬ್ಬರಾಗಿದ್ದರು. ಸೆಲಿನಾ ಫೋನ್ ಮಾಡಿ, "ಅಕ್ಕ, ನಮ್ ಫಾದರ್ ಇನ್ನು ಪೋಪೂ ಆಗ್ಬಹುದಂತೆ ಕಣಕ್ಕ" ಎಂದಳು. ಅವಳ ಮಗಳು ನನ್ನ ಫೋನಿಗೆ ಫೋಟೋ ಕಳಿಸಿದಳು. ಕೆಂಪು ಉಡುಪಿನೊಳಗೆ ಅದೇ ಒಣಕಲು ಮುಖ. ನನಗೆ ನಗು ಬಂತು, ಜೊತೆಗೇ ಒಂದು ಅನುಮಾನ. ಇಷ್ಟು ದೊಡ್ಡ ಕುರ್ಚಿ ಕೊಟ್ಟದ್ದು ಅವರನ್ನು ಸುಮ್ಮನೆ ಕೂರಿಸಿಬಿಡುವುದಕ್ಕೇ ಇರಬಹುದೇ ಎಂದು.

ಆ ವರ್ಷವೇ ಯಲಹಂಕದ ದೊಡ್ಡ ಕನ್ವೆನ್ಷನ್ ಹಾಲಿನಲ್ಲಿ ಅವರಿಗೆ ಸನ್ಮಾನ ಮಾಡಿದರು. ಹೆಬ್ಬಾಳದಿಂದಲೇ ಫ್ಲೆಕ್ಸುಗಳು ಶುರುವಾಗಿದ್ದವು. ವೇದಿಕೆಯ ಮೇಲೆ ಬಿಲ್ಡರುಗಳು, ಶಾಸಕರು, ಮೈಸೂರು ಪೇಟ, ಗಂಧದ ಹಾರ. ಆಗ ನಗರದ ಹೊರವಲಯದಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಒಂದು ಆಸ್ಪತ್ರೆಯಲ್ಲಿ, ಸಂಘ ಕಟ್ಟಿಕೊಂಡರೆಂದು ನರ್ಸುಗಳನ್ನು ತೆಗೆದುಹಾಕಿದ್ದರು. ಅವರು ಗೇಟಿನೆದುರು ಫುಟ್‌ಪಾತಿನಲ್ಲಿ ಟಾರ್ಪಾಲು ಕಟ್ಟಿ ಕೂತಿದ್ದರು. ಅವರ ಜೊತೆ ನಾನೂ ಇದ್ದೆ. ಸನ್ಮಾನ ಮುಗಿದ ಮೇಲೆ ವೇದಿಕೆಯ ಹಿಂದಿನ ಕೋಣೆಯಲ್ಲಿ ಫಾದರನ್ನು ಕಾಣಲು ಹೋದೆ. ಸ್ವಯಂಸೇವಕರು ಬಿಡಲಿಲ್ಲ. ನಾನು ದನಿ ಎತ್ತಿದೆ. ಒಳಗಿನಿಂದ, "ಆ ಗಂಟ್ಲು ನಂಗ್ ಗೊತ್ತು, ಬಿಡ್ರಯ್ಯ ಒಳೀಕೆ" ಎಂಬ ಮಾತು ಕೇಳಿಸಿತು.

ಅಪ್ಪಿಕೊಂಡರು. ರತ್ನಮ್ಮನನ್ನು ಕೇಳಿದರು, ತೀರಿಕೊಂಡಳೆಂದೆ. ಕಣ್ಣು ಒದ್ದೆ ಮಾಡಿಕೊಂಡರು. ಆಮೇಲೆ ನಾನು ನರ್ಸುಗಳ ವಿಷಯ ತೆಗೆದೆ. ಅವರ ಪರವಾಗಿ ಒಂದು ಮಾತು ಹೇಳಿ ಎಂದೆ. ಅವರ ಮುಖ ಬದಲಾಯಿತು.

"ಅದು ನನ್ ಕೈಲಿಲ್ಲಮ್ಮ. ಈ ಊರಿನ ವಿಚಾರಕ್ಕೆ ನಾನ್ ಬಾಯಾಕಂಗಿಲ್ಲ. ನನ್ ಅಧಿಕಾರ ಬೆಟ್ಟದ್ ಕಡೆ."

"ಹಾಲಿನ ಬಾಗಿಲಲ್ಲಿ ಕೂತಾಗ ನಿಮ್ಗೆ ಯಾವ ಅಧಿಕಾರ ಇತ್ತು, ಫಾದರ್?"

"ಆವಾಗ ನಾನು ಬರೀ ಒಬ್ಬ ಪಾದ್ರಿ. ಈಗ ನಾನೊಂದ್ ಮಾತಾಡಿದ್ರೆ ಎಲ್ಲಿಗೋ ಓಗಿ ಮುಟ್ಟತ್ತೆ."

"ಮುಟ್ಲಿ ಅಂತಾನೇ ಕೇಳ್ತಿರೋದು. ಈ ಕೆಂಪು ಬಟ್ಟೆ ಯಾಕ್ ಕೊಡ್ತಾರೆ ಅಂತ ಸೆಲಿನಾ ಹೇಳಿದ್ಲು. ನಂಬಿಕೆಗಾಗಿ ರಕ್ತ ಕೊಡೋಕೂ ರೆಡಿ ಅಂತಂತೆ. ನಿಮ್ಮ ರಕ್ತ ಯಾರೂ ಕೇಳಿಲ್ಲ ಫಾದರ್. ನಿಮ್ಮ ಒಂದು ಬೆಳಿಗ್ಗೆ ಕೇಳ್ತಿದೀನಿ, ಅಷ್ಟೇ."

ಅವರು ಎದ್ದುಬಿಟ್ಟರು. "ನಂಗೇ ಪಾಠ ಏಳ್ಕೊಡೋಕ್ ಬಂದ್ಯಾ?" ಎಂದು ಕೂಗಿದರು. ಬಾಗಿಲಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹೌದು ಎಂದೆ. ನಮಸ್ಕಾರವನ್ನೂ ಮಾಡದೆ ಹೊರಗೆ ಬಂದೆ. ಅದಕ್ಕಾಗಿ ನನಗೆ ಆಗಲೂ ಬೇಸರವಿರಲಿಲ್ಲ, ಈಗಲೂ ಇಲ್ಲ.

ಮರುದಿನ ಬೆಳಿಗ್ಗೆ ನಾವು ಟಾರ್ಪಾಲಿನಡಿ ಚಿತ್ರಾನ್ನ ಹಂಚುತ್ತಿದ್ದೆವು. ಒಂದು ಆಟೋ ಬಂದು ನಿಂತಿತು. ಮಾಸಲು ಬಿಳಿ ನಿಲುವಂಗಿಯ ಮುದುಕರೊಬ್ಬರು ಇಳಿದರು. ಟೋಪಿಯಿಲ್ಲ, ಹಾರವಿಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ನನ್ನ ಕಡೆ ನೋಡಲೂ ಇಲ್ಲ. ನರ್ಸುಗಳ ನಡುವೆ ಹೋಗಿ ಚಾಪೆಯ ಮೇಲೆ ಕೂತು, ಪಕ್ಕದ ಹುಡುಗಿಯನ್ನು ಮಾತನಾಡಿಸಿದರು.

"ನಿಮ್ಮೂರ್ ಯಾವ್ದಮ್ಮ?" ಎಂದು ಶುರು ಮಾಡಿದವರು ಎಲ್ಲರನ್ನೂ ಹಾಗೇ ಕೇಳುತ್ತಾ ಹೋದರು. ಸುದ್ದಿ ಹರಡಿ ಟಿವಿಯವರು ಬಂದರು. ಮೈಕು ಮುಂದೆ ಹಿಡಿದಾಗ, "ಊಟ ಮಾಡ್ತಾವ್ನಿ, ಕಾಣಾಕಿಲ್ವಾ?" ಎಂದು ಗದರಿದರು. ಅಷ್ಟೇ ಅವರ ಹೇಳಿಕೆ. ಆಸ್ಪತ್ರೆಯ ಮುಖ್ಯ ಸಿಸ್ಟರ್ ಹೊರಗೆ ಓಡಿಬಂದು, ಒಳಗೆ ಬನ್ನಿ, ಬಿಸಿಲು ಎಂದು ಕೈಮುಗಿದರು. "ಇವರನ್ನೂ ಕರೀರಿ, ಬತ್ತೀನಿ" ಎಂದರು.

ಸಂಜೆಗೆ ಮಾತುಕತೆಗೆ ಕರೆ ಬಂತು. ಬಹಳ ಜನ ಕೆಲಸಕ್ಕೆ ಮರಳಿದರು. ಕೆಲವರಿಗೆ ಆಗಲಿಲ್ಲ, ಯಾವಾಗಲೂ ಹಾಗೆಯೇ. ಆಟೋ ಹತ್ತುವಾಗ ಮಾತ್ರ ನನ್ನ ಕಡೆ ತಿರುಗಿ, "ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ ನಿನ್ನಿಂದ" ಎಂದರು. ದನಿಯಲ್ಲಿ ಇನ್ನೂ ಸಿಟ್ಟಿತ್ತು.

ಆಮೇಲೆ ಯಾವ ಸನ್ಮಾನಕ್ಕೂ ಈ ಊರಿನವರು ಅವರನ್ನು ಕರೆಯಲಿಲ್ಲ. ರೋಮಿನಲ್ಲಿ ಯಾವುದೋ ದೊಡ್ಡ ಹುದ್ದೆ ಅವರಿಗೆ ಬರುತ್ತದೆಂದು ಮಾತಿತ್ತು, ಬರಲಿಲ್ಲ. ಇದಕ್ಕೂ ಅದಕ್ಕೂ ಸಂಬಂಧವಿದೆಯೋ ಇಲ್ಲವೋ ನನಗೆ ತಿಳಿಯದು. ಒಮ್ಮೆ ಫೋನಿನಲ್ಲಿ ಕೇಳಿದ್ದಕ್ಕೆ, "ಅಲ್ಲಿ ಬಾರೀ ಬಿಸ್ಲು ಕಣಮ್ಮ, ನಂಗ್ ಬೆಟ್ಟವೇ ವಾಸಿ" ಎಂದರು. ಬೆಟ್ಟದಲ್ಲೇ ನಿವೃತ್ತರಾದರು. ಬೆಟ್ಟದಲ್ಲೇ ಮಣ್ಣಾದರು. ನನಗೆ ಮೊಣಕಾಲು ನೋವು, ಹೋಗಲಾಗಲಿಲ್ಲ...

ಕಳೆದ ಭಾನುವಾರ ದಾಸರಹಳ್ಳಿಯ ಚರ್ಚಿನಲ್ಲಿ ಶ್ರದ್ಧಾಂಜಲಿ ಸಭೆಯಿತ್ತು. ತಾರಸಿಯಾಗಿ, ಅದರ ಮೇಲೆ ಗೋಪುರವೂ ಎದ್ದು ಎಷ್ಟೋ ಕಾಲವಾಗಿದೆ. ಒಬ್ಬೊಬ್ಬರಾಗಿ ಬಂದು ಅವರ ತಾಳ್ಮೆ, ವಿನಯ, ವಿಧೇಯತೆ ಎಂದು ಹೊಗಳಿದರು. ಕೊನೆಗೆ ಅನ್ಯಧರ್ಮದ ಸಹೋದರಿಯೊಬ್ಬರು ಎಂದು ನನ್ನನ್ನು ಕರೆದರು. ನಾನು ಮೈಕಿನ ಮುಂದೆ ನಿಂತು ನನಗೆ ಗೊತ್ತಿದ್ದನ್ನು ಹೇಳಿದೆ. ಅವರು ತಾಳ್ಮೆಯವರಲ್ಲ. ಹಿರಿಯರ ಮಾತು ಕೇಳಿದವರಲ್ಲ. ಈ ಚರ್ಚಿನಿಂದಲೇ ಅವರನ್ನು ಓಡಿಸಿದ್ದು, ಓಡಿಸಿದವರ ಮನೆಯವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಈಗ ಅವರನ್ನು ಸಾಧುವನ್ನಾಗಿ ಮಾಡಿ ಪಟದೊಳಗೆ ಕೂರಿಸಬೇಡಿ. ಇಷ್ಟೇ ಹೇಳಿದ್ದು. ಸಭೆಯಲ್ಲಿ ಗುಸುಗುಸು ಎದ್ದಿತು. ಹಿಂದಿನ ಸಾಲಿನಲ್ಲಿ ಸೆಲಿನಾ ಒಬ್ಬಳೇ ಚಪ್ಪಾಳೆ ತಟ್ಟಿದಳು, ಅಳುತ್ತಾ.

ಸಭೆ ಮುಗಿದ ಮೇಲೆ ಈಗಿನ ಫಾದರ್ ಬಂದರು. ಒಳ್ಳೆಯ ಹುಡುಗ. "ಅಮ್ಮಾ, ತೀರಿಕೊಂಡವರ ಬಗ್ಗೆ ಒಳ್ಳೇದು ಮಾತಾಡ್ಬೇಕಲ್ವಾ?" ಎಂದು ಮೆಲ್ಲಗೆ ಕೇಳಿದರು.

"ಒಳ್ಳೇದನ್ನೇ ಹೇಳಿದ್ದು, ಫಾದರ್" ಎಂದೆ.

ಸೆಲಿನಾಳ ಕೈ ಹಿಡಿದುಕೊಂಡು ಮೆಟ್ರೋ ಸ್ಟೇಷನ್ನಿನವರೆಗೂ ನಡೆದೆ. ಇಷ್ಟು ವರ್ಷ ನಾನು ಮಂತ್ರಿಗಳ ಎದುರು, ಮಾಲೀಕರ ಎದುರು ಗಂಟಲು ಹರಿಯುವಂತೆ ಕೂಗಿದ್ದೇನೆ. ಇನ್ನೂ ಕೂಗುತ್ತೇನೆ. ಆದರೆ ನನ್ನ ಬೈಗುಳ ಕೇಳಿ ರಾತ್ರಿ ನಿದ್ದೆಗೆಟ್ಟು, ಬೆಳಗಾದರೆ ಆಟೋ ಹತ್ತಿ ಬಂದ ದೊಡ್ಡ ಮನುಷ್ಯರು ಅವರೊಬ್ಬರೇ. ಇನ್ನು ಬರುವವರಿಲ್ಲ.