ಬಿದ್ದು ಏಳುವ ಮೀಸೆಯವನು

1954ರ ಬೇಸಿಗೆಯ ಒಂದು ಸಂಜೆ, ನಾಗನೂರಿನಲ್ಲಿ ಬಯಲಾಟದ ತಾಲೀಮು ನಡೆದಿದ್ದಾಗ, ನನ್ನ ಸೋದರಮಾವ ನಿಲ್ಲಿಸಿದ ಚಕ್ಕಡಿಯ ಮೇಲಿನಿಂದ ಬೇಕೆಂದೇ ಹಿಂದಕ್ಕೆ ಬಿದ್ದರು.

ಮಾವ ಆಟದಲ್ಲಿ ಪೆಟ್ಟು ತಿನ್ನುವ ಹಾಸ್ಯಗಾರ. ಮೂಡಲಗಿಯ ಸಿನಿಮಾ ಟೆಂಟಿನಲ್ಲಿ ಆಗ ದೊಡ್ಡ ಚಿತ್ರಕ್ಕೆ ಮೊದಲು ಹಳೆಯ ಮೂಕಿ ನಗೆಚಿತ್ರಗಳನ್ನು ತೋರಿಸುತ್ತಿದ್ದರು. ಎಲ್ಲರೂ ನಾಯಕನನ್ನು ನೋಡಿದರೆ ಮಾವ ನೋಡುತ್ತಿದ್ದದ್ದು ಅವನ ಕೈಯಲ್ಲಿ ಪೆಟ್ಟು ತಿನ್ನುವ ದಪ್ಪ ಮೀಸೆಯವನನ್ನು. ಒಂದರಲ್ಲಿ ಪೊಲೀಸ, ಇನ್ನೊಂದರಲ್ಲಿ ಹುಡುಗಿಯ ಅಪ್ಪ. ಪ್ರತಿ ಚಿತ್ರದಲ್ಲೂ ಅವನು ಎತ್ತರದಿಂದ ಬೀಳುತ್ತಿದ್ದ; ಮುಂದಿನ ವಾರ ಬೇರೆ ವೇಷದಲ್ಲಿ ಬರುತ್ತಿದ್ದ.

“ಹೋದ ವಾರ ಮಾಳಿಗಿ ಮ್ಯಾಲಿಂದ ಬಿದ್ದಾಂವ ಈ ವಾರ ನೆಟ್ಟಗ ನಡ್ಯಾಕತ್ತಾನ ನೋಡ್ರಿ. ಮೈ ಬಿಗಿ ಹಿಡದು ಬಿದ್ರ ಏನೂ ಆಗೂದಿಲ್ಲ,” ಎಂದು ಮಾವ ಆಟ ಕಲಿಸುವ ಮಾಸ್ತರರಿಗೆ ಹೇಳಿದ್ದರು.

“ಅವನ ಮೈಯಾಗ ಬೆಣ್ಣಿ ಐತಿ. ನಿನ್ನ ಮೈಯಾಗ ಬರೇ ಎಲುಬು ಅದಾವಲೋ,” ಎಂದು ಮಾಸ್ತರರು ನಕ್ಕಿದ್ದರು.

ಮಾವ ಬಿದ್ದಾಗಲೂ ಎಲ್ಲರೂ ನಕ್ಕೆವು.

“ಏಳಪಾ, ಪಾಸಾದಿ,” ಎಂದರು ಮಾಸ್ತರರು.

ಮಾವ ಕಣ್ಣು ತೆರೆದೇ ಮಲಗಿದ್ದರು. “ನನ್ನ ಕಾಲ ಎಲ್ಲಿ ಅದಾವ್ರಿ, ಮಾಸ್ತರ?”

ಅದೂ ಆಟದ ಮಾತೆಂದು ನಗು ಹೆಚ್ಚಿತು. ಅದೇ ಪ್ರಶ್ನೆಯನ್ನು ಅವರು ಮತ್ತೆ ಕೇಳಿದಾಗ ಮಾಸ್ತರರು ಓಡಿಹೋಗಿ ಅವರ ಕಾಲು ಮುಟ್ಟಿ ನೋಡಿದರು.

ಅದೇ ಚಕ್ಕಡಿಯಲ್ಲಿ ಗೋಕಾಕಕ್ಕೆ ಒಯ್ದೆವು. ಬೆನ್ನುಮೂಳೆ ಮುರಿದಿದೆ ಎಂದರು ಡಾಕ್ಟರು. ಸುದ್ದಿ ಕೇಳಿದ, ಟೆಂಟಿನಲ್ಲಿ ಚಿತ್ರ ತೋರಿಸುವವನು ನನ್ನೆದುರು ತಲೆಯ ಮೇಲೆ ಕೈಯಿಟ್ಟುಕೊಂಡ: “ಅಲ್ರಿ, ಮ್ಯಾಲಿಂದ ಬೀಳೂದು ಹೊಟ್ಟು ತುಂಬಿದ ಗೊಂಬಿ. ಇಷ್ಟೂ ಗೊತ್ತಿರಲಿಲ್ಲೇನ್ರಿ ಅವರಿಗೆ?”

ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

1962ರಲ್ಲಿ ಮಾವನ ಬಯಲಾಟದ ಮೇಳ ಹುಕ್ಕೇರಿಯಲ್ಲಿ ಆಡಿತು. ಕಾಲು ಮತ್ತೆ ಬಾರದ ಮಾವನನ್ನು ಎತ್ತಿ ತಂದು ಹಿಮ್ಮೇಳದಲ್ಲಿ ಕೂಡಿಸಿದ್ದರು. ಅವರು ತಾಳ ಹಾಕಿದರು.